ಕುದುರೆ ಮಲಗುವ ಊರು

ನಿದ್ದೆ ಬಾರದ ಮನುಷ್ಯ ಮಗ್ಗುಲಾದರೂ ಬದಲಿಸಬಹುದು. ನಿದ್ದೆ ಬಾರದ ಕುದುರೆಗೆ ಆ ಸೌಕರ್ಯವೂ ಇಲ್ಲ. ಅದು ನಿಂತೇ ಇರಬೇಕು. ನಿಂತಲ್ಲೇ ತೂಕಡಿಸಬೇಕು, ತೂಕಡಿಕೆ ಹೆಚ್ಚಾದಾಗ ಮುಂಗಾಲು ಮಡಿಸಿ ಮುಗ್ಗರಿಸಬೇಕು, ಮುಗ್ಗರಿಸಿದ ನಾಚಿಕೆಗೆ ತಟ್ಟನೆ ಎದ್ದು ಏನೂ ಆಗದವರಂತೆ ನಿಲ್ಲಬೇಕು. ಕಾಲು ಚಾಚಿ ಕತ್ತು ನೆಲಕ್ಕೆ ಚೆಲ್ಲಿ ಮಲಗಬೇಕಾದರೆ ಕುದುರೆಗೆ ಸುತ್ತಲಿನ ಲೋಕದ ಮೇಲೆ ನಂಬಿಕೆ ಬರಬೇಕು. ಈ ವಿಷಯದಲ್ಲಿ ಅದು ನಮ್ಮ ನಿಮ್ಮ ಹಾಗಲ್ಲ. ನಾವು ಯಾರ ಮೇಲೂ ನಂಬಿಕೆಯಿಲ್ಲದೆ ಗೊರಕೆ ಹೊಡೆಯಬಲ್ಲೆವು.

ಸಾರೋಟಣ್ಣನ ಬಿಳಿ ಕುದುರೆ ಬೆಳ್ಳಕ್ಕಿ ಹಾಗೆ ಮೈಚಾಚಿ ಮಲಗಿದ್ದನ್ನು ಯಾರೂ ಕಾಣದೆ ಬಹಳ ಕಾಲವಾಗಿತ್ತು. ಮುಗ್ಗರಿಸಿ ಮುಗ್ಗರಿಸಿ ಅದರ ಎರಡೂ ಮುಂಗಾಲುಗಳ ಮಂಡಿ ಸವೆದು ಕಪ್ಪಗಾಗಿತ್ತು.

ಸಾರೋಟಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮದುವೆ ಗಂಡುಗಳನ್ನು ಸಾರೋಟಿನಲ್ಲಿ ಕೂರಿಸಿ ಮೆರವಣಿಗೆ ಮಾಡಿಸುವುದು ಅವನ ಕಸುಬು. ಬೆಳ್ಳಕ್ಕಿ ಒಂದು ಪಕ್ಕ, ಕಂದು ಬಣ್ಣದ ದುಂಡ ಇನ್ನೊಂದು ಪಕ್ಕ. ಎಷ್ಟೋ ಗಂಡುಗಳನ್ನು ಅವನು ಮಂಟಪಕ್ಕೆ ಮುಟ್ಟಿಸಿದ್ದ. ಆಮೇಲೆ ದಾರಿಯಲ್ಲಿ ಸಿಕ್ಕಾಗ ಅವರಲ್ಲಿ ಕೆಲವರು ಅವನನ್ನು ನೋಡುವ ನೋಟದಲ್ಲಿ, ‘ಅವತ್ತು ನೀನಾದರೂ ಕುದುರೆಯನ್ನು ಬೇರೆ ಕಡೆಗೆ ತಿರುಗಿಸಬಾರದಿತ್ತೇ’ ಎಂಬ ಆಕ್ಷೇಪ ಇರುತ್ತಿತ್ತು. ಈಚೆಗೆ ಗಂಡುಗಳು ಕಾರಿನಲ್ಲಿ ಹೋಗತೊಡಗಿದ್ದರಿಂದ ಆಕ್ಷೇಪಣೆಗಳೂ ಕಡಿಮೆಯಾಗಿದ್ದವು.

ಲಾಯ ಇದ್ದದ್ದು ಒಂದು ಗ್ಯಾರೇಜಿನ ಹಿಂದೆ. ಲಾಯ ಮೊದಲು ಬಂದದ್ದು, ಗ್ಯಾರೇಜು ಆಮೇಲೆ. ಆದರೆ ಗ್ಯಾರೇಜಿನವನು ಬೋರ್ಡು ಹಾಕಿಸಿದ್ದ, ಸಾರೋಟಣ್ಣ ಹಾಕಿಸಿರಲಿಲ್ಲ. ಹಾಗಾಗಿ ಬೀದಿಯ ನ್ಯಾಯದಲ್ಲಿ ಕುದುರೆಗಳೇ ಬಂದು ಸೇರಿಕೊಂಡವರು. ಬೆಳಗ್ಗೆ ಎಂಜಿನ್ನು ಗುರುಗುಟ್ಟಿಸುವುದು, ಮಧ್ಯಾಹ್ನ ತಗ್ಗು ಬಿದ್ದ ಬಾಗಿಲು ಬಡಿಯುವುದು, ಸಂಜೆ ರಿಪೇರಿಯಾದ ಹಾರ್ನು ನಿಜಕ್ಕೂ ರಿಪೇರಿಯಾಗಿದೆಯೇ ಎಂದು ಗಿರಾಕಿಗೆ ಸಮಾಧಾನವಾಗುವವರೆಗೂ ಒತ್ತುವುದು. ಗೋಡೆಯಾಚೆ ಸಾರೋಟಣ್ಣನ ಭಾವಮೈದನ ಮನೆ. ಅವನದು ಧ್ವನಿವರ್ಧಕ ಬಾಡಿಗೆಗೆ ಕೊಡುವ ವ್ಯಾಪಾರ. ಬೀದಿಗೆಲ್ಲ ಅವನು ಮೈಕ್‌ಸೆಟ್. ಬಾಡಿಗೆಗೆ ಹೋಗಿ ಬಂದ ಪ್ರತಿ ಪೆಟ್ಟಿಗೆಯನ್ನೂ ಅಂಗಳದಲ್ಲಿಟ್ಟು, "ಹಲೋ, ಹಲೋ, ಕೇಳಿಸ್ತಿದೆಯಾ?" ಎಂದು ವಿಚಾರಿಸುತ್ತಿದ್ದ. ಕೇಳಿಸುತ್ತಿದೆ ಎಂದು ಇಡೀ ಬೀದಿ ಬೈದು ಉತ್ತರ ಕೊಟ್ಟರೂ ಇನ್ನೊಂದು ಸಲ ವಿಚಾರಿಸದೆ ಬಿಡುತ್ತಿರಲಿಲ್ಲ.

ದಿನಾ ಬೆಳಗ್ಗೆ ಎದ್ದ ಕೂಡಲೇ ಸಾರೋಟಣ್ಣ ಲಾಯಕ್ಕೆ ಹೋಗಿ ಬೆಳ್ಳಕ್ಕಿಯ ಪಕ್ಕೆ ನೋಡುತ್ತಿದ್ದ. ರಾತ್ರಿ ಮಲಗಿದ ಕುದುರೆಯ ಪಕ್ಕೆಗೆ ಹುಲ್ಲು ಅಂಟಿಕೊಂಡಿರುತ್ತದೆ. ಬೆಳ್ಳಕ್ಕಿಯ ಪಕ್ಕೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿರುತ್ತಿತ್ತು. ಒಗೆದ ಬಟ್ಟೆಗೆ ಕಲೆ ಹತ್ತಲಿಲ್ಲವೆಂದು ದುಃಖಪಡುವ ಮನುಷ್ಯನನ್ನು ನೀವು ಕಂಡಿದ್ದೀರೋ ಇಲ್ಲವೋ, ಇವನು ಅಂಥವನಾಗಿಬಿಟ್ಟಿದ್ದ.

ಪಶುವೈದ್ಯರು ಬಂದರು. ಹಲ್ಲು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು, ಅಷ್ಟರಲ್ಲಿ ಗ್ಯಾರೇಜಿನಲ್ಲಿ ಯಾರೋ ಟೈರಿನ ಗಾಳಿ ಬಿಟ್ಟರು. ಬೆಳ್ಳಕ್ಕಿಗಿಂತ ಮೊದಲು ವೈದ್ಯರೇ ಹಾರಿದರು.

"ಔಷಧಿ ಬೇಡ," ಎಂದರು, ಕೆಳಗೆ ಬಿದ್ದ ಕನ್ನಡಕ ಒರೆಸಿಕೊಳ್ಳುತ್ತ. "ಶಾಂತವಾದ ಕಡೆ ಕರ್ಕೊಂಡು ಹೋಗಿ. ವಯಸ್ಸಾಗಿದೆ. ಹೀಗೇ ನಿಂತಿದ್ರೆ ಒಂದಿನ ಬಿದ್ದಿದ್ದು ಏಳಲ್ಲ."

ಆ ಮಾತು ಸಾರೋಟಣ್ಣನ ಎದೆಯಲ್ಲಿ ಕೂತುಬಿಟ್ಟಿತು. ಅವನು ಚಿಕ್ಕವನಿದ್ದಾಗ ತಾತನ ಹೊಲದಂಚಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕುದುರೆಗಳು ಮಲಗುತ್ತಿದ್ದವು. ಒಣಹಾಕಿದ ಕಂಬಳಿಗಳ ಹಾಗೆ ಹುಲ್ಲಿನ ಮೇಲೆ ಹರಡಿಕೊಂಡು, ಒಂದರ ಉಸಿರಿಗೆ ಇನ್ನೊಂದು ಉಸಿರು ಸೇರಿಸಿ. ಅವನು ಹೋಗಿ ನಡುವೆ ಕೂರುತ್ತಿದ್ದ. ಒಂದೂ ಏಳುತ್ತಿರಲಿಲ್ಲ. ತನ್ನನ್ನು ಕುದುರೆಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದಕ್ಕಿಂತ ದೊಡ್ಡ ಮರ್ಯಾದೆ ಆಮೇಲಿನ ಆಯುಷ್ಯದಲ್ಲಿ ಅವನಿಗೆ ಯಾರಿಂದಲೂ ಸಿಕ್ಕಿರಲಿಲ್ಲ.

"ಹಳ್ಳಿಗೆ ಹೋಗೋಣ," ಎಂದ ಹೆಂಡತಿಗೆ.

"ಕುದುರೆಗೆ ನಿದ್ದೆ ಬರಲ್ಲ ಅಂತ ಊರು ಬಿಡ್ತೀರಾ?" ಎಂದಳು ಅವಳು. "ಮದುವೆಯಾದಾಗಿಂದ ನಿಮ್ಮ ಗೊರಕೆಗೆ ನನಗೆ ನಿದ್ದೆ ಬಂದಿಲ್ಲ. ನನಗೋಸ್ಕರ ಪಕ್ಕದ ರೂಮಿಗಾದ್ರೂ ಹೋಗಿದ್ರಾ?"

"ಅದು ಬಾಯಿಲ್ಲದ ಪ್ರಾಣಿ ಕಣೇ."

"ಬಾಯಿರೋದೇ ನನ್ನ ತಪ್ಪಾಯ್ತು ನೋಡಿ. ಕುದುರೆ ಹುಲ್ಲು ತಿಂದು ಬದುಕುತ್ತೆ. ನಾವು?"

"ಬಸ್ಸು ಹೋಗದ ಊರು ಬೇಕಾದಷ್ಟಿವೆ. ದೊಡ್ಡ ರಸ್ತೆಯಿಂದ ಜನಾನ, ಸಾಮಾನನ್ನ ಗಾಡೀಲಿ ಸಾಗಿಸಿದ್ರೆ ಆಯ್ತು."

ಅವಳು ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಒಪ್ಪಿಕೊಂಡಂತೆ. ಒಪ್ಪದಿದ್ದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಟ್ಟದ್ದು ಎಲ್ಲಿ ಎಂದರೆ, ಸಾರೋಟಣ್ಣ ನಿಶ್ಶಬ್ದದ ತಜ್ಞನಾಗಲು ಹೊರಟಲ್ಲಿ. ಮಹಡಿಯ ಮೇಲಿನ ನಿವೃತ್ತ ಗುಮಾಸ್ತರು ಒಂದು ಸಂಜೆ, "ಏನಯ್ಯಾ, ಯಾವ ಊರು ನೋಡ್ದೆ?" ಎಂದು ಸುಮ್ಮನೆ ಕೇಳಿದರು. "ಅಷ್ಟು ಸುಲಭ ಅಲ್ಲ ಸ್ವಾಮಿ," ಎಂದುಬಿಟ್ಟ ಇವನು. "ನಿಶ್ಶಬ್ದದಲ್ಲೂ ತರಾವರಿ ಇದೆ. ಮೇಲ್ನೋಟಕ್ಕೆ ಸುಮ್ಮನಿರೋ ಊರು ಬೇರೆ, ಬುಡದಿಂದ ಸುಮ್ಮನಿರೋ ಊರು ಬೇರೆ. ಕಿವಿ ಪಳಗಿರಬೇಕು." ಗುಮಾಸ್ತರು ಬೆರಗಾಗಿ ಇನ್ನಿಬ್ಬರಿಗೆ ಹೇಳಿದರು. ಆ ಮೇಲೆ ಹಿಂದೆ ಸರಿಯುವಂತಿರಲಿಲ್ಲ.

ಮೈಕ್‌ಸೆಟ್ ತನ್ನ ವ್ಯಾನಿನಲ್ಲಿ ಭಾವನನ್ನು ಊರೂರಿಗೆ ಕರೆದುಕೊಂಡು ಹೋಗತೊಡಗಿದ. ಸಾರೋಟಣ್ಣನ ಪರೀಕ್ಷೆಯ ಕ್ರಮ ಹೀಗಿತ್ತು: ಊರಿನ ನಡುಬೀದಿಯಲ್ಲಿ ಇಳಿಯುವುದು, ಕಣ್ಣು ಮುಚ್ಚಿ ಒಂದು ಕೈ ಮೇಲೆತ್ತಿ ನಿಲ್ಲುವುದು, ಕಿವಿಗೆ ತೃಪ್ತಿಯಾಗುವವರೆಗೂ ಕದಲದಿರುವುದು. ಕೈ ಎತ್ತುವುದು ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಮೊದಲನೇ ಸಲ ನೊಣ ಓಡಿಸಲು ಎತ್ತಿದ್ದು, ಚೆನ್ನಾಗಿ ಕಂಡಿತೆಂದು ಉಳಿಸಿಕೊಂಡ.

ಒಂದು ಊರು ನೀರಿನ ಪಂಪಿನಿಂದ ನಪಾಸಾಯಿತು. ಇನ್ನೊಂದು ಕಪ್ಪೆಗಳಿಂದ. ಮತ್ತೊಂದರಲ್ಲಿ ಅವನನ್ನು ರಸ್ತೆ ಅಗಲ ಮಾಡಲು ಬಂದ ಸರ್ವೆಯವನೆಂದು ತಿಳಿದು ಹೆಂಗಸರು ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದರು. ಒಂದು ಊರು ಮಾತ್ರ ನಿಜವಾಗಿಯೂ ಶಾಂತವಾಗಿತ್ತು. ಆದರೆ ಆ ಊರಿನ ಒಬ್ಬ ಹಿರಿಯರು ಬಂದು, ಊರು ಎಷ್ಟು ಶಾಂತವಾಗಿದೆಯೆಂದು ವಿವರಿಸಲು ಶುರುಮಾಡಿ ಸೂರ್ಯ ಮುಳುಗಿದರೂ ನಿಲ್ಲಿಸಲಿಲ್ಲ.

ಮೈಕ್‌ಸೆಟ್‌ನ ವ್ಯಾಪಾರ ನೆಲಕಚ್ಚಿತು. ಅವನು ಸದ್ದಿನಿಂದ ಅನ್ನ ತಿನ್ನುವವನು. ನಿಶ್ಶಬ್ದದ ಹಿಂದೆ ಎಷ್ಟು ದಿನ ಅಲೆದಾನು? ಒಂದು ದಿನ ಭಾವನಿಗೆ ಹೇಳದೆ, ಮುಂದೆ ನೋಡಬೇಕಾಗಿದ್ದ ಊರಿಗೆ ತಾನೊಬ್ಬನೇ ಹೋದ. ದೊಡ್ಡ ರಸ್ತೆಯಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿದ್ದ ಸಣ್ಣ ಊರು. ಅರ್ಧ ಮನೆಗಳಿಗೆ ಬೀಗ. ಪಂಚಾಯಿತಿ ಅಧ್ಯಕ್ಷರು ಜಗಲಿಯ ಮೇಲೆ ಕೂತು ಆ ಬೀಗಗಳ ಕೀಲಿಗಳಿಗೆ ಎಣ್ಣೆ ಸವರುತ್ತಿದ್ದರು. ಊರು ಬಿಟ್ಟವರೆಲ್ಲ ಕೀಲಿ ಅವರ ಕೈಗೆ ಕೊಟ್ಟು ಹೋಗಿದ್ದರು.

"ನಮ್ಮ ಭಾವ, ಅಕ್ಕ, ಎರಡು ಕುದುರೆ. ಒಂದು ಮನೆ ಬೇಕಿತ್ತು. ಇಲ್ಲೇ ನೆಲೆಸ್ತಾರೆ," ಎಂದ ಮೈಕ್‌ಸೆಟ್.

ಅಧ್ಯಕ್ಷರ ಕೈಯಿಂದ ಎಣ್ಣೆಬುಡ್ಡಿ ಜಾರಿತು. "ಇಲ್ಲಿಗೆ? ಬರ್ತಾರಾ? ನೀವು ಊರು ತಪ್ಪಿ ಬಂದಿಲ್ಲ ತಾನೆ?"

"ಇಲ್ಲ ಸ್ವಾಮಿ."

"ಹಾಗಲ್ಲಪ್ಪಾ, ಹೋಗೋರನ್ನ ಕಳಿಸಿ ಕಳಿಸಿ ನಮಗೆ ಕೈ ಬೀಸೋದೊಂದೇ ಗೊತ್ತು. ಬರೋರನ್ನ ಹ್ಯಾಗೆ ಕರೀಬೇಕು ಅನ್ನೋದೇ ಮರೆತುಹೋಗಿದೆ." ಅವರ ಧ್ವನಿ ಎಂದರೆ, ಮೈಕ್‌ಸೆಟ್‌ನಂಥ ಅನುಭವಿಯೇ ಒಂದು ಹೆಜ್ಜೆ ಹಿಂದೆ ಸರಿಯುವಂಥದ್ದು. "ಏನು ಮಾಡ್ಬೇಕು ಹೇಳಿ, ಮಾಡ್ತೀವಿ!"

"ಏನೂ ಬೇಡ. ಕುದುರೆಗೆ ಸದ್ದಂದ್ರೆ ಆಗಲ್ಲ. ಭಾವ ಬಂದು ಬೀದೀಲಿ ಕೈಯೆತ್ತಿ ನಿಂತ್ಕೋತಾರೆ. ಆ ಒಂದು ಬೆಳಗ್ಗೆ ಸದ್ದು ಮಾಡ್ದೆ ಇದ್ರೆ ಸಾಕು."

ಅಧ್ಯಕ್ಷರು ಯೋಚಿಸಿದರು. ಆ ಕ್ಷಣದಲ್ಲೇ ಊರಿನ ಹಿಟ್ಟಿನ ಗಿರಣಿ ಗಡಗಡಿಸುತ್ತಿತ್ತು. ತಗಡಿನವನು ಬಕೆಟ್ಟು ಬಡಿಯುತ್ತಿದ್ದ. ಶಾಲೆಯಲ್ಲಿ ಮಕ್ಕಳು ಮಗ್ಗಿ ಕಿರುಚುತ್ತಿದ್ದರು. ಇವೆಲ್ಲದರ ಮೇಲೆ, ಹಿತ್ತಿಲಿನಿಂದ ಒಂದು ಧ್ವನಿ ಕೋಳಿಯೊಂದಕ್ಕೆ ಅದರ ವಂಶದ ಚರಿತ್ರೆ ಹೇಳುತ್ತಿತ್ತು. ಅದು ಅಧ್ಯಕ್ಷರ ತಾಯಿ. ಕಿವಿ ಮಂದವಾದಷ್ಟೂ ಧ್ವನಿ ಏರಿಸಿಕೊಂಡು ಬಂದ ಹೆಂಗಸು. ಊರಿನವರ ಬಾಯಲ್ಲಿ ನಗಾರಿಯಜ್ಜಿ.

"ಅಮ್ಮನ್ನ ಅಕ್ಕನ ಮನೆಗೆ ಕಳಿಸ್ಬಹುದು," ಎಂದರು ಅಧ್ಯಕ್ಷರು, ಮೊದಲ ಬಾರಿಗೆ ಪಿಸುದನಿಯಲ್ಲಿ.

ಸಾರೋಟಣ್ಣ ಬಂದ ಬೆಳಗ್ಗೆ ಆ ಊರು ಹೇಗಿತ್ತೆಂದರೆ, ಚಿತ್ರ ಬರೆದು ಗೋಡೆಗೆ ತೂಗುಹಾಕಿದ ಹಾಗಿತ್ತು. ಗಿರಣಿಗೆ ಬೀಗ. ಹುಂಜಗಳು ಕತ್ತಲೆ ಬುಟ್ಟಿಗಳ ಕೆಳಗೆ. ಮೇಕೆಗಳ ಕೊರಳ ಗಂಟೆಯೊಳಗೆ ಹತ್ತಿ. ನಾಯಿಗಳಿಗೆ ಹೊಟ್ಟೆ ಬಿರಿಯ ತಿನ್ನಿಸಿದ್ದರಿಂದ ಅವು ಬೊಗಳುವ ಯೋಚನೆಯನ್ನೇ ಮುಂದೂಡಿದ್ದವು. ಶಾಲೆಯಲ್ಲಿ ಮೇಷ್ಟ್ರು ಕೋಲು ಆಡಿಸುತ್ತಿದ್ದರು, ಮಕ್ಕಳು ಮಗ್ಗಿಯನ್ನು ತುಟಿಯಲ್ಲಿ ಮಾತ್ರ ಹೇಳುತ್ತಿದ್ದರು.

ಸಾರೋಟಣ್ಣ ಕಣ್ಣು ಮುಚ್ಚಿ ಕೈ ಎತ್ತಿದ. ಎಲೆಯೊಂದು ಉದುರಿದ್ದು ಕೇಳಿಸಿತು. ಅದು ನೆಲ ಮುಟ್ಟಿದ್ದೂ ಕೇಳಿಸಿತು. ಕಣ್ಣು ತೆರೆದಾಗ ಅವನಿಗೆ ಎದುರಿಗಿದ್ದ ಅಧ್ಯಕ್ಷರು ನೀರಿನಲ್ಲಿ ನಿಂತವರಂತೆ ಮಸುಕಾಗಿ ಕಂಡರು.

"ಇಲ್ಲಿ... ಯಾವಾಗ್ಲೂ ಹೀಗೇನಾ?"

"ಹೀಗೇ," ಎಂದರು ಅಧ್ಯಕ್ಷರು ಗಂಟಲಿನೊಳಗೆ. "ನಮ್ಮದು ಸ್ವಲ್ಪ ಮಾತು ಕಮ್ಮಿ ಊರು."

ಇಷ್ಟು ಸೂಕ್ಷ್ಮದ ಜನರ ನಡುವೆ ತಾನು ಟಕಟಕ ಗೊರಸು ಸದ್ದು ಮಾಡಿಕೊಂಡು ಬರುವುದೇ ಎಂದು ಸಾರೋಟಣ್ಣನಿಗೆ ಸಂಕೋಚವಾಯಿತು. ಹೀಗಾಗಿ ಪಟ್ಟಣ ಬಿಟ್ಟು ಬರುವ ದಿನ, ಗುಡ್ಡದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಎರಡೂ ಕುದುರೆಗಳ ಗೊರಸುಗಳಿಗೆ ಗೋಣಿಚೀಲ ಕಟ್ಟಿದ. ಸಾರೋಟಿನ ಕೆಂಪು ಮಕಮಲ್ಲಿನ ಪೀಠದಲ್ಲಿ, ಗಂಡು ಕೂರುವ ಜಾಗದಲ್ಲಿ ಪಾತ್ರೆಗಳ ಚೀಲ ಕೂತಿತ್ತು. ಹೆಣ್ಣು ಕೂರುವ ಜಾಗದಲ್ಲಿ ಅವನ ಹೆಂಡತಿ. ಪಾತ್ರೆಗಳು ಕಣಕಣ ಎನ್ನದಂತೆ ನಡುನಡುವೆ ದಿಂಬು ತುರುಕಿಸಿದ್ದ.

"ನನ್ನ ಬಾಯಿಗೂ ಒಂದು ದಿಂಬು ಕೊಡಿ," ಎಂದಳು ಅವಳು.

"ಶ್!" ಎಂದ ಸಾರೋಟಣ್ಣ.

ಊರ ಬಾಗಿಲಿನಲ್ಲಿ ಕಾದಿದ್ದ ಜನ ಆ ಗೋಣಿಚೀಲಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡಿದ್ರಾ?" ಎಂದು ಗಿರಣಿಯವರು ಉಸಿರಿನಲ್ಲೇ ಹೇಳಿದರು. "ಅದಕ್ಕೆ ತನ್ನ ಹೆಜ್ಜೆ ಸದ್ದೇ ತಡೆಯೋಕಾಗಲ್ಲ. ಇನ್ನು ನಮ್ಮ ಗಿರಣಿ ತಡೆಯುತ್ತಾ?" ಅಂದೇ ಸಂಜೆ ಇಡೀ ಊರು ಚಪ್ಪಲಿ ಬಿಚ್ಚಿಟ್ಟಿತು. ಬರಿಗಾಲಿನ ಜನರನ್ನು ಕಂಡು ಸಾರೋಟಣ್ಣ ತನ್ನ ಬೂಟು ಬಿಚ್ಚಿ ಅಟ್ಟದ ಮೇಲಿಟ್ಟ.

ಹೀಗೆ ಅವನಿಗಾಗಿ ಊರು, ಊರಿಗಾಗಿ ಅವನು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಮೀರಿಸುವಂತೆ ಸುಮ್ಮನಾಗುತ್ತ ಹೋದರು. ಹೊಲದಿಂದ ಮನೆಗೆ ಬರುವ ರೈತರು ಅವನ ಲಾಯದ ಹಿಂದೆ ತುದಿಗಾಲಿನಲ್ಲಿ ದಾಟುತ್ತಿದ್ದರು. ಹಿಟ್ಟು ಬೀಸಿಸಲು ಹೆಂಗಸರು ಗುಡ್ಡ ಹತ್ತಿ ಪಕ್ಕದ ಊರಿಗೆ ಹೋಗಿ ಬರುತ್ತಿದ್ದರು. ಕೇಳಿದರೆ, ಗಾಳಿ ಸೇವನೆಗೆ ಎನ್ನುತ್ತಿದ್ದರು. ತಗಡಿನವನು ಸುತ್ತಿಗೆಗೆ ಬಟ್ಟೆ ಸುತ್ತಿ ಬಡಿದ. ಅವನ ಬಕೆಟ್ಟುಗಳಿಗೆ ನೀರು ನಿಲ್ಲಲಿಲ್ಲ. ಗಂಡ ಹೆಂಡಿರ ಜಗಳಗಳು ಸನ್ನೆಯಲ್ಲೇ ನಡೆದವು. ಬೈಗುಳದಷ್ಟು ಬೇಗ ಸನ್ನೆ ಮುಗಿಯುವುದಿಲ್ಲವಾದ್ದರಿಂದ ಬೆಳಗಿನ ಜಗಳ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು.

"ಇನ್ನೆಷ್ಟು ದಿನ?" ಎಂದು ಅಧ್ಯಕ್ಷರು ದೊಡ್ಡ ರಸ್ತೆಗೆ ಹೋಗಿ ಮೈಕ್‌ಸೆಟ್‌ಗೆ ಫೋನು ಮಾಡಿದರು.

"ಕುದುರೆ ಹೊಂದಿಕೊಳ್ಳೋವರೆಗೆ ಸ್ವಾಮಿ. ಅದು ಒಂದ್ಸಲ ಮಲಗಿದ್ರೆ ಆಯ್ತು."

ಅದೇ ಆಗಲಿಲ್ಲ. ಹೊಸ ಲಾಯ ವಿಶಾಲವಾಗಿತ್ತು, ಹಿಂದೆ ಹಸಿರು ಬಯಲು, ಮುಂದೆ ಬೇಲಿ. ದುಂಡನೇನೋ ಬಂದ ಮರುದಿನವೇ ಬಿದ್ದುಕೊಂಡು ಕಾಲಾಡಿಸಿದ. ಅವನು ಎಲ್ಲಿ ಬೇಕಾದರೂ ಮಲಗುವ ಜಾತಿ. ಒಮ್ಮೆ ಮೆರವಣಿಗೆಯ ನಡುವೆಯೇ ಮಲಗಿ ಒಬ್ಬ ಗಂಡಿನ ಮುಹೂರ್ತ ತಪ್ಪಿಸಿದ್ದ. ಆದರೆ ಬೆಳ್ಳಕ್ಕಿ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಕಿವಿ ಎರಡೂ ನೆಟ್ಟಗೆ. ಬಾಲ ಒತ್ತಿಕೊಂಡು, ಮೂಗಿನ ಹೊಳ್ಳೆ ಅರಳಿಸಿಕೊಂಡು, ಎಲ್ಲಿಂದಲೋ ಏನೋ ಬರಲಿದೆ ಎಂಬಂತೆ. ಪಟ್ಟಣದಲ್ಲಿ ಅದಕ್ಕೆ ನಿದ್ದೆಯಿರಲಿಲ್ಲ. ಇಲ್ಲಿ ಮೇವೂ ಬೇಡವಾಯಿತು.

ಬೆಳಗ್ಗೆ ಎದ್ದು ಪಕ್ಕೆ ನೋಡುವ ಕೆಲಸ ಇಲ್ಲೂ ತಪ್ಪಲಿಲ್ಲ. ಒಂದು ಬೆಳಗ್ಗೆ ಮಾತ್ರ ಹುಲ್ಲು ಅಂಟಿತ್ತು. ಸಾರೋಟಣ್ಣ ಓಡಿದ. ಹತ್ತಿರ ಹೋಗಿ ನೋಡಿದ. ಹುಲ್ಲು ಒಂದೇ ಪಕ್ಕದಲ್ಲಿತ್ತು, ಅದೂ ಅವನ ಹೆಂಡತಿಯ ಕೈ ಎಟಕುವ ಎತ್ತರದವರೆಗೆ ಮಾತ್ರ. ಒಂದಿಷ್ಟು ಬೆಲ್ಲದ ನೀರು ಹಾಕಿ ಅಂಟಿಸಿದ್ದು. ಇರುವೆ ಹತ್ತಿತ್ತು.

ಅವನು ಅಡುಗೆಮನೆಗೆ ಬಂದ. ಅವಳು ಒಲೆಯತ್ತ ತಿರುಗಿ ನಿಂತಿದ್ದಳು.

"ಮಲಗಿತ್ತು ಕಣೇ," ಎಂದ.

"ಹೌದಾ," ಎಂದಳು ಅವಳು. ಇಬ್ಬರೂ ಚಹಾ ಕುಡಿದರು.

ಪಶುವೈದ್ಯರನ್ನು ಮತ್ತೆ ಕರೆಸಿದರು. ಅವರ ಮೋಟಾರು ಬೈಕಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ಊರಿನ ಗಂಡಸರು ಓಡಿಹೋಗಿ, ಗುಡ್ಡದ ಬುಡದಲ್ಲೇ ತಡೆದು, ವೈದ್ಯರನ್ನು ಸೀಟಿನ ಮೇಲೆ ಕೂರಿಸಿಕೊಂಡೇ ಬೈಕು ತಳ್ಳಿಕೊಂಡು ಬಂದರು. ವೈದ್ಯರಿಗೆ ಇಂಥ ಗೌರವ ಹೊಸದು. ಅವರು ಅಕ್ಕಪಕ್ಕ ಕೈ ಮುಗಿಯುತ್ತ ಬಂದರು.

"ಮೇವು ಬಿಟ್ಟಿದೆ," ಎಂದು ಪಿಸುಗುಟ್ಟಿದ ಸಾರೋಟಣ್ಣ.

"ಏನು?" ಎಂದು ವೈದ್ಯರೂ ಯಾಕೋ ಪಿಸುಗುಟ್ಟಿದರು.

"ಮೇವು ಬಿಟ್ಟಿದೆ."

ವೈದ್ಯರು ಸದ್ದಿಲ್ಲದೆ ಹಿಂದಿನಿಂದ ಹೋಗಿ ಬೆಳ್ಳಕ್ಕಿಯ ಹೊಟ್ಟೆ ಮುಟ್ಟಿದರು. ಬೆಳ್ಳಕ್ಕಿ ನೆಗೆಯಿತು. ಒಂದು ಗೊರಸು ವೈದ್ಯರ ಟೋಪಿಯನ್ನು ಹುಲ್ಲಟ್ಟಕ್ಕೆ ಮುಟ್ಟಿಸಿತು. ಬೇಲಿಯ ಹೊರಗೆ ಮೌನವಾಗಿ ನೆರೆದಿದ್ದ ಊರು ಮೌನವಾಗಿಯೇ ಬೆಚ್ಚಿತು.

"ತುಂಬಾ ಸೂಕ್ಷ್ಮವಾಗಿದೆ," ಎಂದು ವೈದ್ಯರು ಬೇಲಿಯಾಚೆಯಿಂದ ತೀರ್ಪು ಕೊಟ್ಟರು. "ಇನ್ನೂ ಶಾಂತಿ ಬೇಕು."

ಇನ್ನೂ ಎಂದರೆ? ಅಧ್ಯಕ್ಷರು ತಲೆ ಹಿಡಿದುಕೊಂಡರು. ಉಳಿದಿದ್ದದ್ದೇ ಉಸಿರಾಟ. ಆದರೂ ಊರು ಸೋಲಲಿಲ್ಲ. ಬಾವಿಯ ರಾಟೆಗೆ ಬೆಣ್ಣೆ ಹಚ್ಚಿದರು. ಬಾಗಿಲುಗಳ ಚಿಲಕ ಬಿಚ್ಚಿಟ್ಟರು. ಕೆಮ್ಮು ಬಂದವರು ಗುಡ್ಡದಾಚೆ ಹೋಗಿ ಕೆಮ್ಮಿ ಬಂದರು. ಹತ್ತಿರದಲ್ಲಿ ಹೆರಿಗೆಯಾಗಲಿದ್ದ ಒಬ್ಬ ಸೊಸೆಯನ್ನು, ಮಗು ಅತ್ತೀತೆಂದು ತವರಿಗೆ ಕಳಿಸುವ ಮಾತೂ ನಡೆಯಿತು. ಇಷ್ಟಾದರೂ ಒಬ್ಬರೂ, ಈ ಮನುಷ್ಯನೇ ಹೊರಟುಹೋಗಲಿ ಎನ್ನಲಿಲ್ಲ. ಸಂಜೆ ಹೊತ್ತಿಗೆ ಅವನ ಮನೆಯಲ್ಲಿ ದೀಪ ಹತ್ತುವುದನ್ನು ನೋಡಲು ಜನ ತಮ್ಮ ಜಗಲಿಗೆ ಬಂದು ನಿಲ್ಲುತ್ತಿದ್ದರು. ಬಹಳ ಕಾಲದಿಂದ ಕತ್ತಲೆಯಾಗಿದ್ದ ಕಿಟಕಿಯದು. ದೀಪ ಹತ್ತಿದ ಮೇಲೆ ಒಳಗೆ ಹೋಗುತ್ತಿದ್ದರು.

ಸಾರೋಟಣ್ಣನಿಗೆ ಇದೊಂದೂ ಗೊತ್ತಿಲ್ಲ. ತನ್ನ ಕುದುರೆಯ ಹಣೆಬರಹವೇ ಇಷ್ಟು, ಲೋಕದಲ್ಲಿ ಇದಕ್ಕಿಂತ ಶಾಂತವಾದ ಊರಿಲ್ಲ, ಇಲ್ಲೂ ಆಗಲಿಲ್ಲವೆಂದರೆ ಇನ್ನೆಲ್ಲೂ ಆಗುವುದಿಲ್ಲ ಎಂದು ಅವನು ಸವೆದ ಮಂಡಿಗಳಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದ. ಹಿಂದೆಲ್ಲ ಎಣ್ಣೆ ತಿಕ್ಕುವಾಗ ಬೀದಿಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದ. ಈಗ ತುಟಿ ಬಿಚ್ಚುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಕೇಳಿಸಿದರೆ?

ಹೀಗಿರುವಾಗ ಒಂದು ಮಧ್ಯಾಹ್ನ ನಗಾರಿಯಜ್ಜಿ ವಾಪಸು ಬಂದರು.

ಮಗಳ ಮನೆಯಲ್ಲಿ ಯಾರೋ ಬಾಯಿ ತಪ್ಪಿ ನಿಜ ಹೇಳಿದ್ದರು. ಅಜ್ಜಿ ಆ ಕ್ಷಣವೇ ಕೋಲು ಹಿಡಿದು ಹೊರಟರು. ಗುಡ್ಡದ ತಿರುವಿನಲ್ಲೇ ಅವರ ಆಗಮನ ಊರಿಗೆ ತಿಳಿಯಿತು.

"ಎಲ್ಲಿದೆಯೋ ಅದು! ನನ್ನ ಮನೆ ಬಿಡಿಸಿದ ಮಹಾರಾಣಿ ಎಲ್ಲಿದಾಳೋ!"

ಊರು ಕಲ್ಲಾಯಿತು. ಅಧ್ಯಕ್ಷರು ಎರಡೂ ಕೈ ಬೀಸುತ್ತ ಬರಿಗಾಲಿನಲ್ಲಿ ಓಡಿದರು. ಅಜ್ಜಿ ಅದನ್ನು ಸ್ವಾಗತವೆಂದು ತಿಳಿದು ಇನ್ನಷ್ಟು ಧ್ವನಿ ಏರಿಸಿದರು.

"ಹೆತ್ತ ತಾಯಿನ ಓಡಿಸಿ ಕುದುರೆ ಸಾಕ್ತಿದೀಯಾ? ಬಾಯಲ್ಲೇನು ಕಡುಬು ತುರುಕಿದಾರಾ? ಮಾತಾಡೋ! ಏನು, ಕೈ ಬೀಸ್ತೀಯಾ? ನಾನೇನು ನೊಣಾನಾ?"

ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ಬೆರಳು ತುಟಿಗಿಟ್ಟುಕೊಂಡು ನಿಂತರು. ಅಜ್ಜಿ ಒಬ್ಬೊಬ್ಬರನ್ನೂ ಮಾತಾಡಿಸುತ್ತ ಬಂದರು. "ಏನಮ್ಮಾ ಗಿರಣಿಯವಳೇ, ತುಟಿ ಸುಟ್ಟಿತಾ? ಮೇಷ್ಟ್ರೇ, ನಿಮಗೇನಾಯ್ತು? ಊರಿಗೆ ಊರೇ ಸತ್ತುಹೋಗಿದೆಯಲ್ಲೋ!" ಕೋಲು ಕುಟ್ಟುತ್ತ ಲಾಯದ ಬೇಲಿಗೆ ಬಂದು ನಿಂತರು. ಸಾರೋಟಣ್ಣ ಎಣ್ಣೆಬಟ್ಟಲು ಹಿಡಿದು ಎದ್ದು ನಿಂತಿದ್ದ.

"ನೀನೇನಮ್ಮಾ ಬಿಳಿ ದೊರೆಸಾನಿ?" ಎಂದು ಅಜ್ಜಿ ಬೆಳ್ಳಕ್ಕಿಯ ಮುಖಕ್ಕೇ ನೇರವಾಗಿ ಶುರುಮಾಡಿದರು. "ನಿದ್ದೆ ಬರಲ್ವಂತೆ ನಿಂಗೆ! ನನಗೂ ಬರಲ್ಲ. ನಾನೇನು ಊರಿಗೆಲ್ಲ ಬಾಯಿ ಹೊಲಿಸಿದೀನಾ? ವಯಸ್ಸಾದ್ರೆ ಬರಲ್ಲ, ತಿಳ್ಕೋ. ಮಂಡಿ ನೋವಾ? ನಂದೂ ನೋಡು..."

ಬೆಳ್ಳಕ್ಕಿಯ ಕಿವಿಗಳು ಗುಡ್ಡದ ತಿರುವಿನಿಂದಲೇ ಆ ಧ್ವನಿಯನ್ನು ಹಿಂಬಾಲಿಸಿಕೊಂಡು ಬಂದಿದ್ದವು. ಎಲ್ಲಿಂದ ಹೊರಟಿತು, ಯಾವ ಮನೆ ದಾಟಿತು, ಈಗ ಎಲ್ಲಿ ನಿಂತಿದೆ, ಎಲ್ಲವೂ ಅದಕ್ಕೆ ತಿಳಿದಿತ್ತು. ಗ್ಯಾರೇಜಿನ ಸದ್ದಿನಂತೆ ಇದು ಎಲ್ಲಿಂದಲೋ ತಟ್ಟನೆ ಎರಗಿದ್ದಲ್ಲ. ಈಗ ಒಂದು ಕಿವಿ ಸಡಿಲವಾಯಿತು. ಆಮೇಲೆ ಇನ್ನೊಂದು. ಕೆಳತುಟಿ ಜೋತುಬಿತ್ತು. ಅಜ್ಜಿ ತಮ್ಮ ಮಂಡಿನೋವಿನ ಮಧ್ಯಭಾಗಕ್ಕೆ ಬರುವಷ್ಟರಲ್ಲಿ ಬೆಳ್ಳಕ್ಕಿ ನಿಡಿದಾಗಿ ಉಸಿರು ಬಿಟ್ಟು, ಮುಂಗಾಲು ಮಡಿಸಿ, ಇಡೀ ಮೈಯನ್ನು ನೆಲಕ್ಕೆ ಬಿಟ್ಟುಬಿಟ್ಟಿತು. ಕಾಲು ಚಾಚಿತು. ಕತ್ತು ಚೆಲ್ಲಿತು. ಕಣ್ಣು ಮುಚ್ಚಿತು.

"ಹೋಯ್ತು!" ಎಂದು ಗಿರಣಿಯವರು ಇಷ್ಟು ದಿನದ ಸದ್ದನ್ನೆಲ್ಲ ಒಟ್ಟಿಗೆ ಹೊರಹಾಕಿದರು. "ಸತ್ತೇಹೋಯ್ತು! ಅಜ್ಜಿ ಕೂಗಿ ಕುದುರೆ ಸಾಯಿಸಿಬಿಟ್ರು!"

ಕಟ್ಟೆಯೊಡೆದಂತೆ ಊರಿನ ಬಾಯಿ ಒಡೆಯಿತು. ಹೆಂಗಸರು ಎದೆ ಬಡಿದುಕೊಂಡರು. ಮಕ್ಕಳು ಅತ್ತರು. ಗದ್ದಲಕ್ಕೆ ಬುಟ್ಟಿಗಳು ಉರುಳಿ ಹುಂಜಗಳು ಮಧ್ಯಾಹ್ನವೆಂದೂ ನೋಡದೆ ಕೂಗಿದವು. ಸಾರೋಟಣ್ಣ ಮಂಡಿಯೂರಿ ಕೂತು, ಬೆಳ್ಳಕ್ಕಿಯ ಪಕ್ಕೆಯ ಮೇಲೆ ಕೈಯಿಟ್ಟು, ಮುಖ ಕಿವುಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಅಧ್ಯಕ್ಷರು ಬಂದು ಅವನ ಕಾಲ ಬಳಿ ಕುಸಿದರು. "ಕ್ಷಮಿಸಿಬಿಡಿ! ನಮ್ಮಮ್ಮನಿಗೆ ಗೊತ್ತಾಗಲ್ಲ! ಎಷ್ಟು ಕಷ್ಟಪಟ್ಟು ಸುಮ್ಮನಿದ್ವಿ ಇಷ್ಟು ದಿನ! ಗಿರಣಿ ನಿಲ್ಲಿಸಿದ್ವಿ, ಮಗ್ಗಿ ನಿಲ್ಲಿಸಿದ್ವಿ, ಕೆಮ್ಮೋದು ನಿಲ್ಲಿಸಿದ್ವಿ..."

"ಮಲಗಿದೆ," ಎಂದ ಸಾರೋಟಣ್ಣ ಅಳುವಿನ ನಡುವೆ.

"ಹೌದು, ಶಾಶ್ವತವಾಗಿ ಮಲಗ್ತು..."

"ಅಲ್ಲ ಸ್ವಾಮಿ. ಮಲಗಿದೆ. ನಿದ್ದೆ!"

ಸಾಕ್ಷಿಗೆ ಬೆಳ್ಳಕ್ಕಿ ಗೊರಕೆ ಹೊಡೆಯಿತು. ಸಣ್ಣ ಗೊರಕೆಯಲ್ಲ. ಬಾಕಿಯಿದ್ದ ನಿದ್ದೆಯನ್ನೆಲ್ಲ ಒಂದೇ ಕಂತಿನಲ್ಲಿ ತೀರಿಸುವ ಗೊರಕೆ. ಸುತ್ತ ಊರೇ ಕೂಗಾಡುತ್ತಿದ್ದರೂ ಅದರ ರೆಪ್ಪೆ ಅಲುಗಲಿಲ್ಲ.

ಸಾರೋಟಣ್ಣನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. "ಏನ್ರೀ," ಎಂದಳು, ಬಹಳ ದಿನಗಳ ನಂತರ ತನ್ನ ಸ್ವಂತ ಧ್ವನಿಯಲ್ಲಿ. "ಕುದುರೆ ಹತ್ರ ಹಿಂದಿನಿಂದ ಹೋಗೋವಾಗ ಹ್ಯಾಗೆ ಹೋಗ್ಬೇಕು?"

"ಮಾತಾಡ್ಕೊಂಡು ಹೋಗ್ಬೇಕು," ಎಂದ ಅವನು ತನ್ನಷ್ಟಕ್ಕೆ. ಲಗಾಮು ಹಿಡಿಯುವ ಮೊದಲೇ ಅಪ್ಪ ಕಲಿಸಿದ್ದ ಮಾತು. "ಸದ್ದಿಲ್ಲದೆ ಹಿಂದೆ ಬರೋದು ಹುಲಿ ಒಂದೇ ಅಂತ ಅದು ತಿಳಿಯುತ್ತೆ."

"ಇಲ್ಲಿ ಊರಿಗೆ ಊರೇ ತುದಿಗಾಲಲ್ಲಿ ಓಡಾಡ್ತಿತ್ತು. ಎಷ್ಟು ಹುಲಿ ಆಯ್ತು ಲೆಕ್ಕ ಹಾಕಿ! ಅವರಿಗಾದ್ರೂ ಗೊತ್ತಿರಲಿಲ್ಲ. ನೀವು? ಬಂದಾಗಿಂದ ಅದರ ಜೊತೆ ಒಂದು ಮಾತಾಡಿದೀರಾ?"

ನಿಶ್ಶಬ್ದದ ತಜ್ಞ ತಲೆ ತಗ್ಗಿಸಿದ.

ಒಬ್ಬೊಬ್ಬರಾಗಿ ವಿಷಯ ತಿಳಿದುಕೊಂಡರು. ಮೈಕ್‌ಸೆಟ್‌ನ ಹೆಸರು ಬಂದಾಗ 'ಅವನು ಬರಲಿ' ಎಂದು ಅಜ್ಜಿಯೂ ಅವನ ಅಕ್ಕನೂ ಒಂದೇ ಸಲಕ್ಕೆ ಹೇಳಿದರು. ಆ ಮೇಲೆ ಅವನು ಬಹಳ ದಿನ ಆ ಕಡೆ ಸುಳಿಯಲಿಲ್ಲ. ಗಿರಣಿಯವರು ಓಡಿಹೋಗಿ ಗಿರಣಿ ಹಾಕಿದರು. ತಗಡಿನವನು ಸುತ್ತಿಗೆಯ ಬಟ್ಟೆ ಕಿತ್ತೆಸೆದು, ಸೋರುವ ಬಕೆಟ್ಟುಗಳ ಮೇಲೆ ಸೇಡು ತೀರಿಸಿಕೊಳ್ಳತೊಡಗಿದ. ಬೆಳ್ಳಕ್ಕಿ ಮಗ್ಗುಲು ಸಹ ಬದಲಿಸಲಿಲ್ಲ.

ಅಧ್ಯಕ್ಷರು ಮಾತ್ರ ಬೇಲಿಯ ಹತ್ತಿರವೇ ನಿಂತಿದ್ದರು. ಅವರ ಕೈಯಲ್ಲಿ ಕೀಲಿಗಳ ಗೊಂಚಲು. ಅದರಲ್ಲಿ ಒಂದು ಕೊಂಡಿ ಖಾಲಿಯಿತ್ತು, ಸಾರೋಟಣ್ಣನ ಮನೆಯದು. ಆ ಖಾಲಿ ಕೊಂಡಿಯನ್ನೇ ಬೆರಳಿನಿಂದ ತಿರುಗಿಸುತ್ತಿದ್ದರು.

"ಈಗ ನಿಮಗೆ ಎಲ್ಲಾ ಗೊತ್ತಾಯ್ತಲ್ಲ," ಎಂದರು. ಆ ಗುಡುಗಿನಂಥ ಧ್ವನಿ ಈಗ ಬೇಕೆಂದು ತಗ್ಗಿಸಿದ್ದಲ್ಲ, ತಾನಾಗಿಯೇ ತಗ್ಗಿತ್ತು. "ನಮ್ಮದು ಗಲಾಟೆ ಊರು. ಸುಳ್ಳು ಹೇಳಿ ಕರೆಸ್ಕೊಂಡ್ವಿ. ಶಾಂತಿ ಹುಡುಕ್ಕೊಂಡು ಬಂದೋರು ನೀವು. ಹೊರಡ್ತೀವಿ ಅಂದ್ರೆ... ಗಾಡಿಗೆ ಸಾಮಾನು ನಾವೇ ಹೇರಿಸ್ತೀವಿ. ಹೇರಿಸಿ ಅಭ್ಯಾಸ ಇದೆ."

ಅಂಗಳದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ.

ಸಾರೋಟಣ್ಣ ಬೆಳ್ಳಕ್ಕಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳು ಮಾತಾಡಲಿಲ್ಲ. ಅವನು ಬಾಯಿ ತೆರೆದು ಉತ್ತರ ಹೇಳಿದ. ಆದರೆ ಇಷ್ಟು ದಿನ ಪಿಸುಗುಟ್ಟಿದ ಗಂಟಲು ತುಕ್ಕು ಹಿಡಿದಿತ್ತು. ತುಟಿ ಅಲ್ಲಾಡಿತು, ಗಾಳಿ ಬಂತು.

"ಏನಂದ?" ಎಂದರು ಅಜ್ಜಿ ಕಿವಿಗೆ ಕೈಯಿಟ್ಟು.

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ.

"ಕೇಳಿಸ್ಲಿಲ್ಲಪ್ಪಾ."

ಸಾರೋಟಣ್ಣ ಎದೆ ತುಂಬ ಉಸಿರು ತೆಗೆದುಕೊಂಡ. ಮೆರವಣಿಗೆಗಳಲ್ಲಿ ವಾದ್ಯದವರ ಮೇಲೆ ದನಿ ಏರಿಸಿ ದಾರಿ ಬಿಡಿಸುತ್ತಿದ್ದ ಮನುಷ್ಯ ಅವನು.

"ಇರ್ತೀವಿ!"

ಬೀಗ ಹಾಕಿದ ಮನೆಗಳ ಗೋಡೆಗಳಿಗೆ ತಗುಲಿ ಆ ಮಾತು ಬೀದಿಯ ತುದಿಯವರೆಗೂ ಹೋಯಿತು. ಬೀದಿಯ ತುದಿಯಲ್ಲಿ ಗಿರಣಿ ನಿಂತಿತು. ಗಿರಣಿಯವರು ಬಾಗಿಲಿಗೆ ಬಂದರು.

ಅಜ್ಜಿಯ ಸುಕ್ಕು ಮುಖದ ತುಂಬ ಕೇಳಿಸಿತೆಂದು ಬರೆದಿತ್ತು. ಆದರೂ ಅವರು ಕಿವಿಯಿಂದ ಕೈ ತೆಗೆಯಲಿಲ್ಲ.

"ಇನ್ನೊಂದ್ಸಲ ಹೇಳು ಮಗಾ."

"ಇರ್ತೀವಿ ಅಜ್ಜೀ!"

"ನನಗೂ ಅಷ್ಟು ಸರಿಯಾಗಿ ಕೇಳಿಸಲಿಲ್ಲ," ಎಂದರು ಪಕ್ಕದಲ್ಲೇ ನಿಂತಿದ್ದ ಅಧ್ಯಕ್ಷರು, ಬೇರೆ ಕಡೆ ನೋಡುತ್ತ. ಅವರ ಹಿಂದೆ ಮೇಷ್ಟ್ರು, ಸುತ್ತಿಗೆ ಹಿಡಿದೇ ಓಡಿಬಂದ ತಗಡಿನವನು, ಗಿರಣಿಯವರ ಹೆಂಡತಿ ಎಲ್ಲರೂ ತಮಗೂ ಕೇಳಿಸಲಿಲ್ಲವೆಂದು ತಲೆಯಾಡಿಸಿದರು.

ಸಾರೋಟಣ್ಣ ಮತ್ತೆ ಉಸಿರು ತೆಗೆದುಕೊಂಡ.